‘ನಾ ಮುಟ್ಟೂದ್ರೊಳಗ ಬಸ್ ಹೋಗಿತ್ತ್ರಿ’: ಇಂಗ್ಲಿಷಿನ ‘ಬೈ ದ ಟೈಮ್’ ಬಳಸಲು ಒಂದು ಸಮಗ್ರ ಮಾರ್ಗದರ್ಶಿ

ಒಂದಿನ ಮುಂಜಾನೆ ಆರೂವರೆಗೆ ಮೊಬೈಲಿಗೆ ಮೆಸೇಜು ಬಂತು. ಬಬಲೇಶ್ವರದ ಕಡೆಯ ಹಳ್ಳಿಯಿಂದ ದಿನಾ ಬಸ್ಸು ಹತ್ತಿ ವಿಜಯಪುರಕ್ಕೆ ಬಂದು, ಸ್ಪರ್ಧಾತ್ಮಕ ಪರೀಕ್ಷೆಗೆ ನಾನು ಹೇಳಿಕೊಡುವ ಇಂಗ್ಲಿಷ್ ಕ್ಲಾಸಿನಲ್ಲಿ ಕೂಡುವ ಹುಡುಗ ಕಳಿಸಿದ್ದು. ‘ಸರ್, ಬೈ ದ ಟೈಮ್ ಐ ವಿಲ್ ರೀಚ್ ಸ್ಟ್ಯಾಂಡ್, ಬಸ್ ವಿಲ್ ಗೋ. ಬೈ ದ ಟೈಮ್ ಯೂ ಸ್ಟಾರ್ಟ್ ಕ್ಲಾಸ್.’

ಮೂರು ಸಲ ಓದಿದೆ. ಬಸ್ಸು ಹೋಗಿಬಿಟ್ಟಿದೆಯೋ, ಇನ್ನು ಹೋಗುವುದಿದೆಯೋ ತಿಳಿಯಲಿಲ್ಲ. ಕ್ಲಾಸು ಶುರು ಮಾಡಲೋ, ಅವನಿಗಾಗಿ ಕಾಯಲೋ ಅದೂ ತಿಳಿಯಲಿಲ್ಲ. ಕಡೆಗೆ ಫೋನ್ ಹಚ್ಚಿದೆ. ‘ಸರ, ನಾ ಸ್ಟ್ಯಾಂಡಿಗೆ ಮುಟ್ಟೂದ್ರೊಳಗ ಬಸ್ ಹೋಗಿತ್ತ್ರಿ. ಮುಂದಿನ ಬಸ್ಸಿಗೆ ಬರ್ತೀನಿ, ಅಷ್ಟರಾಗ ನೀವು ಚಾಲೂ ಮಾಡ್ರಿ’ ಅಂದ. ಕನ್ನಡದಲ್ಲಿ ಹೇಳಿದಾಗ ಎಲ್ಲ ಸ್ವಚ್ಛ. ಬಸ್ಸು ಹೋಗಿದೆ, ಅವನು ತಡವಾಗಿ ಬರುತ್ತಾನೆ, ನಾನು ಕಾಯಬೇಕಿಲ್ಲ.

ಆ ಒಂದು ಮೆಸೇಜಿನಲ್ಲಿ, ‘ಬೈ ದ ಟೈಮ್’ ಬಳಸುವಾಗ ನಮ್ಮ ಕಡೆಯವರು ಮಾಡುವ ತಪ್ಪುಗಳು ಹೆಚ್ಚುಕಡಿಮೆ ಎಲ್ಲ ಇದ್ದವು. ಹುಡುಗ ದಡ್ಡನಲ್ಲ. ಅವನು ಆಡುವ ಕನ್ನಡದಲ್ಲೇ ಈ ಪಾಠದ ಮುಕ್ಕಾಲು ಭಾಗ ಇದೆ, ಯಾರೂ ಅವನಿಗೆ ತೋರಿಸಿಕೊಟ್ಟಿಲ್ಲ ಅಷ್ಟೇ. ಇಲ್ಲಿ ಅದನ್ನೇ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ, ಈ ವಾಕ್ಯಗಳು ಕಿವಿಗೆ ಬಿದ್ದರೇನೇ ನೆನಪಿನಲ್ಲಿ ಉಳಿಯುತ್ತವೆ.

ಹೆಜ್ಜೆ 1: ಮೊದಲು ನಿಮ್ಮ ಕನ್ನಡವನ್ನೇ ಕೇಳಿಸಿಕೊಳ್ಳಿ

ಈ ಎರಡು ವಾಕ್ಯ ನೋಡಿ.

ನಾ ಮುಟ್ಟೂದ್ರೊಳಗ ಬಸ್ ಹೋಗಿತ್ತು.
ನಾ ಮುಟ್ಟೂದ್ರೊಳಗ ಬಸ್ ಹೋಗಿರತೈತಿ.

ಮೊದಲನೆಯದು ನಿನ್ನೆಯ ಮಾತು, ಎರಡನೆಯದು ನಾಳೆಯದು. ಹಾಗಂತ ನಿಮಗೆ ಹೇಳಿದ್ದು ಯಾವ ಪದ? ‘ಮುಟ್ಟೂದ್ರೊಳಗ’ ಅಂತೂ ಅಲ್ಲ, ಅದು ಎರಡರಲ್ಲೂ ಹಾಗೇ ಇದೆ. ನಿನ್ನೆ, ನಾಳೆ ಅನ್ನುವುದು ಪೂರ್ತಿ ಕೊನೆಯ ಪದದಲ್ಲಿ ಕೂತಿದೆ. ಪುಸ್ತಕದ ಕನ್ನಡದ ‘ಮುಟ್ಟುವಷ್ಟರಲ್ಲಿ’, ಬೆಂಗಳೂರು ಕಡೆಯ ‘ತಲುಪೋಷ್ಟರಲ್ಲಿ’ ಕೂಡ ಹೀಗೆಯೇ. ಆ ತುಂಡಿಗೆ ಕಾಲವಿಲ್ಲ.

ಈಗ ಕೊನೆಯ ಪದ ಬಿಡಿಸಿ. ಹೋಗಿ, ಇತ್ತು. ಹೋಗಿ, ಇರತೈತಿ. ಇಂಗ್ಲಿಷಿನಲ್ಲಿ ‘ಹ್ಯಾಡ್ ಗಾನ್’, ‘ವಿಲ್ ಹ್ಯಾವ್ ಗಾನ್’. ‘ಹೋಗಿ’ ಇದ್ದಲ್ಲಿ ‘ಗಾನ್’, ‘ಇತ್ತು’ ಇದ್ದಲ್ಲಿ ‘ಹ್ಯಾಡ್’, ‘ಇರತೈತಿ’ ಇದ್ದಲ್ಲಿ ‘ವಿಲ್ ಹ್ಯಾವ್’. ವ್ಯಾಕರಣದ ಪುಸ್ತಕಗಳು ಪಾಸ್ಟ್ ಪರ್ಫೆಕ್ಟ್, ಫ್ಯೂಚರ್ ಪರ್ಫೆಕ್ಟ್ ಎಂದು ಎರಡು ಅಧ್ಯಾಯ ಮಾಡಿ ಹೆದರಿಸುವುದು ಇದನ್ನೇ. ನಮ್ಮ ಅಜ್ಜಿಯರು ಶಾಲೆಯ ಕಟ್ಟೆ ಹತ್ತದೆಯೂ ಇವೆರಡನ್ನೂ ದಿನಕ್ಕೆ ಇಪ್ಪತ್ತು ಸಲ ಆಡುತ್ತಿದ್ದರು.

ಹೆಜ್ಜೆ 2: ಗೂಟ ಯಾವುದು, ಕೆಲಸ ಯಾವುದು?

‘ಬೈ ದ ಟೈಮ್’ ವಾಕ್ಯದಲ್ಲಿ ಎರಡು ಘಟನೆ ಇರುತ್ತವೆ. ಒಂದು ಗೂಟ, ಅಂದರೆ ಹೊತ್ತನ್ನು ಗುರುತಿಸುವ ಘಟನೆ. ಇನ್ನೊಂದು, ಆ ಗೂಟಕ್ಕೆ ಬರುವುದರೊಳಗೆ ಮುಗಿದ ಕೆಲಸ. ನಾನು ಸ್ಟ್ಯಾಂಡಿಗೆ ಮುಟ್ಟಿದ್ದು ಗೂಟ, ಬಸ್ಸು ಹೋದದ್ದು ಕೆಲಸ. ‘ಬೈ ದ ಟೈಮ್’ ಯಾವಾಗಲೂ ಗೂಟಕ್ಕೇ ಕಟ್ಟಿರಬೇಕು. ಕನ್ನಡದಲ್ಲಿ ‘ಒಳಗ’ ಹತ್ತಿರುವ ತುಂಡೇ ಗೂಟ, ಹಾಗಾಗಿ ಹುಡುಕುವುದು ಕಷ್ಟವಲ್ಲ.

ಅದಲು ಬದಲಾದರೆ ಅರ್ಥ ಪೂರ್ತಿ ತಿರುಗುತ್ತದೆ. ‘ಬೈ ದ ಟೈಮ್ ದ ಬಸ್ ಲೆಫ್ಟ್, ಐ ಹ್ಯಾಡ್ ರೀಚ್ಡ್ ದ ಸ್ಟ್ಯಾಂಡ್’ ಎಂದು ಬರೆದು, ಬಸ್ಸು ತಪ್ಪಿತು ಎಂದು ಹೇಳಿದೆನೆಂದುಕೊಳ್ಳುವವರಿದ್ದಾರೆ. ಆ ವಾಕ್ಯದ ಪ್ರಕಾರ ಬಸ್ಸು ಬಿಡುವುದರೊಳಗೆ ನೀವು ಸ್ಟ್ಯಾಂಡಿನಲ್ಲಿದ್ದೀರಿ. ಸೀಟೂ ಸಿಕ್ಕಿರಬಹುದು.

ಹೆಜ್ಜೆ 3: ಆಗಿಹೋದ ಮಾತು

ಸೂತ್ರ ಸಣ್ಣದು. ಗೂಟಕ್ಕೆ ಸಾದಾ ಭೂತಕಾಲ, ಕೆಲಸಕ್ಕೆ ‘ಹ್ಯಾಡ್’ ಮತ್ತು ಕ್ರಿಯಾಪದದ ಮೂರನೇ ರೂಪ, ಅಂದರೆ ಕೋಚಿಂಗ್ ಹುಡುಗರ ಬಾಯಲ್ಲಿ ‘ವಿ-ತ್ರೀ’.

‘ಬೈ ದ ಟೈಮ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್.’

ಇದನ್ನು ಗಟ್ಟಿ ಮಾಡಿಸಲು ನಾನು ಹುಡುಗರನ್ನು ಊರು ತಿರುಗಿಸುತ್ತೇನೆ. ವಿಜಯಪುರದಂಥ ಊರಲ್ಲಿದ್ದುಕೊಂಡು ‘ರಾಮ ಬಂದಾಗ ಸೀತಾ ಹೋಗಿದ್ದಳು’ ಎಂಬ ಉದಾಹರಣೆ ಕೊಡುವುದು ಸೋಮಾರಿತನ. ಈ ಊರಿನ ಕಲ್ಲುಗಳೆಲ್ಲ ‘ಬೈ ದ ಟೈಮ್’ ವಾಕ್ಯಗಳೇ.

ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ತೆಗೆದುಕೊಳ್ಳಿ. ಅದನ್ನು ಎರಕ ಹೊಯ್ದದ್ದು 1549ರಲ್ಲಿ, ಅಹ್ಮದನಗರದಲ್ಲಿ. ವಿಜಯಪುರಕ್ಕೆ ಬಂದದ್ದು 1632ರಲ್ಲಿ. ಗೂಟ ಯಾವುದು? ಬಂದದ್ದು. ‘ಬೈ ದ ಟೈಮ್ ದ ಕ್ಯಾನನ್ ಕೇಮ್ ಟು ಬಿಜಾಪುರ್ ಇನ್ 1632, ಇಟ್ ವಾಸ್ ಆಲ್ರೆಡಿ 83 ಇಯರ್ಸ್ ಓಲ್ಡ್.’ ಇಲ್ಲಿ ‘ಹ್ಯಾಡ್’ ಎಲ್ಲಿ ಹೋಯಿತು ಎಂದು ಚುರುಕಾದ ಹುಡುಗಿಯೊಬ್ಬಳು ಪ್ರತಿ ಬ್ಯಾಚಿನಲ್ಲೂ ಕೇಳಿಯೇ ಕೇಳುತ್ತಾಳೆ. ವಯಸ್ಸಾಗಿತ್ತು, ಕತ್ತಲಾಗಿತ್ತು, ಸುಸ್ತಾಗಿತ್ತು ಎಂಬಂಥ ಸ್ಥಿತಿ ಹೇಳುವಾಗ ಇಂಗ್ಲಿಷಿಗೆ ‘ವಾಸ್’ ಸಾಕು. ‘ಬೈ ದ ಟೈಮ್ ವಿ ಗಾಟ್ ಹೋಮ್, ಇಟ್ ವಾಸ್ ಡಾರ್ಕ್.’ ಕನ್ನಡದ ‘ಆಗಿತ್ತು’ ನೋಡಿ ಇಲ್ಲಿ ‘ಇಟ್ ಹ್ಯಾಡ್ ಬಿಕಮ್ ಡಾರ್ಕ್’ ಎಂದರೆ ತಪ್ಪೇನಲ್ಲ, ಸ್ವಲ್ಪ ಭಾರ ಅಷ್ಟೆ.

ಮುಂದೆ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾಹ್ ತನಗೆಂದು ಕಟ್ಟಿಸುತ್ತಿದ್ದ ಗೋರಿ ಅದು. 1672ರಲ್ಲಿ ಅವನು ತೀರಿಕೊಂಡ, ಕಟ್ಟಡ ಹಾಗೇ ನಿಂತಿತು. ಇಂದಿಗೂ ಮೇಲೆ ಛಾವಣಿಯಿಲ್ಲದೆ ಬರೀ ಕಮಾನುಗಳು. ‘ಬೈ ದ ಟೈಮ್ ದ ಸುಲ್ತಾನ್ ಡೈಡ್ ಇನ್ 1672, ದ ಟೂಮ್ ಹ್ಯಾಡ್ ನಾಟ್ ಬೀನ್ ಫಿನಿಶ್ಡ್.’ ಮುಗಿಯದ ಕೆಲಸಕ್ಕೆ ‘ಹ್ಯಾಡ್ ನಾಟ್’. ‘ಇನ್ನೂ ಮುಗಿದಿರಲಿಲ್ಲ’ ಎನ್ನುವ ‘ಇನ್ನೂ’ ಬೇಕಾದರೆ ‘ಸ್ಟಿಲ್ ಹ್ಯಾಡ್ ನಾಟ್ ಬೀನ್ ಫಿನಿಶ್ಡ್’. ಕನ್ನಡವೂ ಇಲ್ಲಿ ಜೊತೆಯಾಗಿಯೇ ನಡೆಯುತ್ತದೆ: ಮುಗಿದು, ಇರಲಿಲ್ಲ.

ಮೂರನೆಯದು ಎಷ್ಟು ದಿನದಿಂದ, ಎಷ್ಟು ವರ್ಷದಿಂದ ಎಂಬ ಲೆಕ್ಕ. ಗೋಲ ಗುಮ್ಮಟ 1656ಕ್ಕೆ ನಿಂತಿತು, ಔರಂಗಜೇಬ ಊರು ಗೆದ್ದದ್ದು 1686ರಲ್ಲಿ. ‘ಬೈ ದ ಟೈಮ್ ಔರಂಗಜೇಬ್ ಟುಕ್ ದ ಸಿಟಿ, ದ ಗೋಲ್ ಗುಂಬಜ್ ಹ್ಯಾಡ್ ಸ್ಟುಡ್ ಫಾರ್ ಥರ್ಟಿ ಇಯರ್ಸ್.’ ಇನ್ನೂ ಹತ್ತಿರದ್ದು ಬೇಕೇ? ಬಾಗಲಕೋಟೆ ನಮ್ಮ ಜಿಲ್ಲೆಯಿಂದ ಬೇರೆಯಾದದ್ದು 1997ರಲ್ಲಿ, ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ಕ್ಕೆ. ‘ಬೈ ದ ಟೈಮ್ ಬಿಜಾಪುರ್ ಬಿಕೇಮ್ ವಿಜಯಪುರ, ಬಾಗಲಕೋಟೆ ಹ್ಯಾಡ್ ಬೀನ್ ಎ ಸೆಪರೇಟ್ ಡಿಸ್ಟ್ರಿಕ್ಟ್ ಫಾರ್ ಸೆವೆಂಟೀನ್ ಇಯರ್ಸ್.’ ಕೆಲಸ ಇನ್ನೂ ನಡೆದೇ ಇದ್ದರೆ ‘ಹ್ಯಾಡ್ ಬೀನ್’ ಜೊತೆಗೆ ‘ಇಂಗ್’: ‘ಬೈ ದ ಟೈಮ್ ದ ಬಸ್ ಕೇಮ್, ಐ ಹ್ಯಾಡ್ ಬೀನ್ ಸ್ಟ್ಯಾಂಡಿಂಗ್ ಫಾರ್ ಟೂ ಅವರ್ಸ್.’ ಬಸ್ಸು ಬರೂದ್ರೊಳಗ ಎರಡು ತಾಸು ನಿಂತಿದ್ದೆ. ನಮ್ಮ ‘ನಿಂತಿದ್ದೆ’ ಎರಡಕ್ಕೂ ಸಾಲುತ್ತದೆ, ಇಂಗ್ಲಿಷಿನಲ್ಲಿ ಮಾತ್ರ ಈ ‘ಬೀನ್’ ಎಂಬ ಬಾಲ ಹಚ್ಚಬೇಕು. ಕನ್ನಡದ ದಾರಿ ಸ್ವಲ್ಪ ಅಗಲುವ ಜಾಗ ಇದು, ಹಾಗಾಗಿ ಇದನ್ನು ನಾಲ್ಕು ಸಲ ಹೆಚ್ಚು ಬರೆಯಿರಿ.

ಬಾಗಲಕೋಟೆಯಿಂದ ಬರುವ ಹುಡುಗರಿಗೆ ಬೇರೆ ವಾಕ್ಯ ಕೊಡುತ್ತೇನೆ. ‘ಬೈ ದ ಟೈಮ್ ದ ಬ್ಯಾಕ್‌ವಾಟರ್ ಕೇಮ್ ಅಪ್, ಮೆನಿ ಫ್ಯಾಮಿಲೀಸ್ ಹ್ಯಾಡ್ ಮೂವ್ಡ್ ಟು ನವನಗರ್.’ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಬರೂದ್ರೊಳಗ ಬಹಳ ಮನೆಗಳವರು, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಹೋಗಿದ್ದರು. ಇದನ್ನು ಅರ್ಥ ಮಾಡಿಸಬೇಕಾಗಿಯೇ ಇಲ್ಲ. ಯಾರ ಮನೆಯವರು ಮೊದಲೇ ಹೋದರು, ಯಾರು ಕಡೇತನಕಾ ಉಳಿದರು ಎಂದು ಅವರೇ ನನಗೆ ಹೇಳತೊಡಗುತ್ತಾರೆ.

ಇಲ್ಲಿ ‘ವೆನ್’ ಬಗ್ಗೆ ಒಂದು ಮಾತು. ‘ವೆನ್ ಐ ರೀಚ್ಡ್, ದ ಬಸ್ ಲೆಫ್ಟ್’ ಅಂದರೆ ನೀವು ಮುಟ್ಟಿದಿರಿ, ಆಗಲೇ ಬಸ್ಸು ಬಿಟ್ಟಿತು. ಅದರ ಹಿಂದಿನ ದೀಪ ನಿಮ್ಮ ಕಣ್ಣಿಗೆ ಬಿದ್ದಿದೆ. ‘ಬೈ ದ ಟೈಮ್ ಐ ರೀಚ್ಡ್, ದ ಬಸ್ ಹ್ಯಾಡ್ ಲೆಫ್ಟ್’ ಅಂದರೆ ಧೂಳೂ ಅಡಗಿದೆ. ‘ಮುಟ್ಟಿದಾಗ ಹೋತು’, ‘ಮುಟ್ಟೂದ್ರೊಳಗ ಹೋಗಿತ್ತು’ ಎರಡಕ್ಕೂ ಎಷ್ಟು ಅಂತರವೋ ಅಷ್ಟೇ ಅಂತರ.

ಹೆಜ್ಜೆ 4: ಆಗಬೇಕಾದ ಮಾತು

ನಾಳೆಯ ಮಾತಿಗೆ ಗೂಟ ವರ್ತಮಾನಕಾಲದಲ್ಲಿ, ಕೆಲಸ ‘ವಿಲ್ ಹ್ಯಾವ್’ ಮತ್ತು ವಿ-ತ್ರೀಯಲ್ಲಿ.

‘ಬೈ ದ ಟೈಮ್ ಐ ರೀಚ್ ದ ಸ್ಟ್ಯಾಂಡ್, ದ ಬಸ್ ವಿಲ್ ಹ್ಯಾವ್ ಲೆಫ್ಟ್.’

ನೂರಕ್ಕೆ ತೊಂಬತ್ತು ಹುಡುಗರು ಎಡವುವುದು ಇಲ್ಲೇ, ಲೆಕ್ಕ ಹಾಕಿ ಹೇಳುತ್ತಿಲ್ಲ, ಉತ್ತರಪತ್ರಿಕೆ ತಿದ್ದಿ ತಿದ್ದಿ ಬಂದ ಅಂದಾಜು. ‘ಬೈ ದ ಟೈಮ್ ಐ ವಿಲ್ ರೀಚ್’ ಎಂದೇ ಬರೆಯುತ್ತಾರೆ. ಯಾಕೆ ಎಂದು ಬಹಳ ದಿನ ಯೋಚಿಸಿದ್ದೇನೆ. ‘ಮುಟ್ಟುವೆನು’ ಅಂದರೆ ‘ಐ ವಿಲ್ ರೀಚ್’ ಎಂದು ಪ್ರಾಥಮಿಕ ಶಾಲೆಯಲ್ಲಿ ಉರು ಹೊಡೆಸಿರುತ್ತಾರೆ. ಆಮೇಲೆ ‘ಮುಟ್ಟುವಷ್ಟರಲ್ಲಿ’ ಎಂಬುದರಲ್ಲಿ ಅದೇ ‘ಮುಟ್ಟುವ’ ಕಂಡ ಕೂಡಲೇ ಕೈ ತಾನೇ ‘ವಿಲ್’ ಬರೆದುಬಿಡುತ್ತದೆ. ಆದರೆ ಮೊದಲ ಹೆಜ್ಜೆಯಲ್ಲಿ ಕಂಡಂತೆ ಆ ‘ಮುಟ್ಟುವ’ದಲ್ಲಿ ನಾಳೆ ಇಲ್ಲ. ನಿನ್ನೆಯ ವಾಕ್ಯದಲ್ಲೂ ಅದೇ ಇತ್ತಲ್ಲ. ಕನ್ನಡ ಗೂಟಕ್ಕೆ ನಾಳೆಯನ್ನು ಹಚ್ಚುವುದಿಲ್ಲ, ಇಂಗ್ಲಿಷೂ ಹಚ್ಚುವುದಿಲ್ಲ. ಈ ಸಾಮ್ಯ ತೋರಿಸಿದ ಮೇಲೆ ತಪ್ಪು ಅರ್ಧಕ್ಕರ್ಧ ಇಳಿಯುತ್ತದೆ; ‘ವಿಲ್ ಬರೆಯಬೇಡಿ’ ಎಂದು ಬರೀ ಕಟ್ಟುನಿಟ್ಟಾಗಿ ಹೇಳಿದರೆ ಇಳಿಯುವುದಿಲ್ಲ.

ಇನ್ನಷ್ಟು:

ಮಳಿ ಬರೂದ್ರೊಳಗ ಮಣೂಕ ಎಲ್ಲಾ ತಗದಿಟ್ಟಿರತೀವಿ. ‘ಬೈ ದ ಟೈಮ್ ದ ರೇನ್ ಕಮ್ಸ್, ವಿ ವಿಲ್ ಹ್ಯಾವ್ ಟೇಕನ್ ಇನ್ ಆಲ್ ದ ರೈಸಿನ್ಸ್.’

ಸಿದ್ಧೇಶ್ವರ ಜಾತ್ರಿ ಬರೂದ್ರೊಳಗ ಪರೀಕ್ಷಾ ಮುಗದಿರತಾವು. ‘ಬೈ ದ ಟೈಮ್ ದ ಜಾತ್ರಾ ಕಮ್ಸ್, ದ ಎಕ್ಸಾಮ್ಸ್ ವಿಲ್ ಹ್ಯಾವ್ ಫಿನಿಶ್ಡ್.’

ನಾ ಬರೂದ್ರೊಳಗ ನಿಂದು ಊಟ ಆಗಿರತೈತೇನು? ‘ವಿಲ್ ಯೂ ಹ್ಯಾವ್ ಈಟನ್ ಬೈ ದ ಟೈಮ್ ಐ ಕಮ್?’ ಪ್ರಶ್ನೆಯಲ್ಲಿ ‘ವಿಲ್’ ಮುಂದೆ ಬರುತ್ತದೆ, ಗೂಟ ಹಾಗೇ ಇರುತ್ತದೆ.

ಸ್ಥಿತಿಯ ಮಾತಿಗೆ ಇಲ್ಲೂ ‘ವಿಲ್ ಬಿ’ ಸಾಕು. ‘ಬೈ ದ ಟೈಮ್ ವಿ ರೀಚ್ ಆಲಮಟ್ಟಿ, ಇಟ್ ವಿಲ್ ಬಿ ಡಾರ್ಕ್.’

ಹೆಜ್ಜೆ 5: ದಿನಾ ನಡೆಯುವ ಮಾತು

ಇದು ಸಣ್ಣದು. ಗೂಟವೂ ವರ್ತಮಾನ, ಕೆಲಸವೂ ವರ್ತಮಾನ. ‘ಬೈ ದ ಟೈಮ್ ಹಿ ಸಿಟ್ಸ್ ಡೌನ್ ಟು ಈಟ್, ದ ರೊಟ್ಟೀಸ್ ಆರ್ ಕೋಲ್ಡ್.’ ಅವ ಊಟಕ್ಕ ಕೂಡೂದ್ರೊಳಗ ರೊಟ್ಟಿ ಆರಿರತಾವು. ಕೆಲಸ ಮುಗಿದೇ ಹೋಗಿರುತ್ತದೆ ಎನ್ನಬೇಕಾದರೆ ‘ಹ್ಯಾಸ್’ ಅಥವಾ ‘ಹ್ಯಾವ್’: ‘ಬೈ ದ ಟೈಮ್ ಐ ವೇಕ್ ಅಪ್, ಮೈ ಮದರ್ ಹ್ಯಾಸ್ ಆಲ್ರೆಡಿ ಮೇಡ್ ಟ್ವೆಂಟಿ ರೊಟ್ಟೀಸ್.’ ಕನ್ನಡದಲ್ಲಿ ‘ಆರಿರತಾವು’ ನಾಳೆಗೂ ನಡೆಯುತ್ತದೆ, ದಿನಾ ಆಗುವುದಕ್ಕೂ ನಡೆಯುತ್ತದೆ. ಹಾಗಾಗಿ ಬರೆಯುವ ಮುಂಚೆ ಮನಸ್ಸಿನಲ್ಲೇ ‘ದಿನಾ’ ಎಂಬ ಪದ ಸೇರಿಸಿ ನೋಡಿ. ಒಪ್ಪಿದರೆ ಇದು ಐದನೇ ಹೆಜ್ಜೆಯ ವಾಕ್ಯ, ‘ನಾಳೆ’ ಒಪ್ಪಿದರೆ ನಾಲ್ಕನೆಯದು.

ಹೆಜ್ಜೆ 6: ‘ಅಷ್ಟರಾಗ’ ಎಂಬ ಜಾರುಬಂಡೆ

ಹುಡುಗನ ಮೆಸೇಜಿನ ಎರಡನೇ ವಾಕ್ಯಕ್ಕೆ ಬರೋಣ. ‘ಬೈ ದ ಟೈಮ್ ಯೂ ಸ್ಟಾರ್ಟ್ ಕ್ಲಾಸ್.’ ಅವನ ಮನಸ್ಸಿನಲ್ಲಿದ್ದದ್ದು ‘ಅಷ್ಟರಾಗ ನೀವು ಚಾಲೂ ಮಾಡ್ರಿ’. ಇಂಗ್ಲಿಷ್ ಓದುವವರಿಗೆ ಇದು ಅರ್ಧ ವಾಕ್ಯದಂತೆ ಕಾಣುತ್ತದೆ: ನೀವು ಕ್ಲಾಸು ಶುರು ಮಾಡುವಷ್ಟರಲ್ಲಿ... ಮುಂದೇನು? ಗೂಟ ಇದೆ, ಕೆಲಸ ಇಲ್ಲ.

‘ಬೈ ದ ಟೈಮ್’ ಒಂಟಿಯಾಗಿ ನಿಲ್ಲಲಾರದು. ಅದರ ನಂತರ ಒಂದು ಪೂರ್ತಿ ಘಟನೆ ಬೇಕು. ‘ಅಷ್ಟರಾಗ’, ‘ಅಷ್ಟೊತ್ತಿಗೆ’ ಎಂದು ಬಿಡಿಯಾಗಿ ಹೇಳಬೇಕಾದಾಗ ಎರಡು ದಾರಿಗಳಿವೆ, ಯಾವುದು ಎಂದು ಅರ್ಥ ನೋಡಿ ಆರಿಸಬೇಕು.

ನೀವು ಚಾ ಕುಡೀರಿ, ಅಷ್ಟರಾಗ ನಾ ಪೇಟಿಗೆ ಹೋಗಿ ಬರ್ತೀನಿ. ಇಲ್ಲಿ ಎರಡು ಕೆಲಸ ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಇಂಗ್ಲಿಷಿನಲ್ಲಿ ‘ಮೀನ್‌ವೈಲ್’: ‘ಹ್ಯಾವ್ ಯುವರ್ ಟೀ. ಮೀನ್‌ವೈಲ್, ಐ ವಿಲ್ ಗೋ ಟು ದ ಮಾರ್ಕೆಟ್.’ ಚಹಾವನ್ನೇ ಗೂಟ ಮಾಡಬೇಕೆಂದರೆ ‘ಐ ವಿಲ್ ಬಿ ಬ್ಯಾಕ್ ಬೈ ದ ಟೈಮ್ ಯೂ ಫಿನಿಶ್ ಯುವರ್ ಟೀ’. ಎರಡನೆಯದು ಹೆಚ್ಚು ಚೆಂದ.

ಐದಕ್ಕ ಬಾ, ಅಷ್ಟೊತ್ತಿಗೆ ಎಲ್ಲಾ ತಯಾರ್ ಇರತೈತಿ. ಇಲ್ಲಿ ‘ಅಷ್ಟೊತ್ತಿಗೆ’ ಮುಂಚೆ ಹೇಳಿದ ಹೊತ್ತನ್ನು ತೋರಿಸುತ್ತದೆ. ಇದಕ್ಕೆ ‘ಬೈ ದೆನ್’: ‘ಕಮ್ ಅಟ್ ಫೈವ್. ಎವ್ರಿಥಿಂಗ್ ವಿಲ್ ಬಿ ರೆಡಿ ಬೈ ದೆನ್.’ ‘ಬೈ ದ್ಯಾಟ್ ಟೈಮ್’ ಎಂದರೂ ನಡೆಯುತ್ತದೆ, ಆದರೆ ಮಾತಿನಲ್ಲಿ ‘ಬೈ ದೆನ್’ ಹಗುರ.

ಅದೇ ಮನೆಯ ಇನ್ನೊಂದು ಪದ ‘ಬೈ ನೌ’, ನಮ್ಮ ‘ಇಷ್ಟೊತ್ತಿಗೆ’. ಮಗ ಇನ್ನೂ ಮನೆಗೆ ಬಂದಿಲ್ಲವೆಂದು ತಾಯಿ ಬಾಗಿಲಲ್ಲಿ ನಿಂತು ‘ಇಷ್ಟೊತ್ತಿಗೆ ಬರಬೇಕಿತ್ತು’ ಅಂದರೆ ‘ಹಿ ಶುಡ್ ಹ್ಯಾವ್ ಕಮ್ ಬೈ ನೌ’. ಮಗನನ್ನು ಬಸ್ಸಿಗೆ ಕಳಿಸಿ ಬಂದ ತಂದೆ ‘ಇಷ್ಟೊತ್ತಿಗೆ ಬೆಳಗಾವಿ ಮುಟ್ಟಿರಬೇಕು’ ಅಂದರೆ ‘ಹಿ ಮಸ್ಟ್ ಹ್ಯಾವ್ ರೀಚ್ಡ್ ಬೆಳಗಾವಿ ಬೈ ನೌ’. ಒಂದರಲ್ಲಿ ಚಿಂತೆ, ಇನ್ನೊಂದರಲ್ಲಿ ಅಂದಾಜು. ‘ಶುಡ್’, ‘ಮಸ್ಟ್’ ಎರಡನ್ನೂ ಬೆರೆಸಬೇಡಿ.

ಹೆಜ್ಜೆ 7: ‘ಒಳಗ’ ಮತ್ತು ‘ತನಕಾ’

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಪದವಿ ಮುಗಿಸಿದ ವರ್ಷ ಒಂದು ಕಚೇರಿಗೆ ಸಂದರ್ಶನಕ್ಕೆ ಹೋಗಿದ್ದೆ. ಮೂಲ ಪ್ರಮಾಣಪತ್ರ ತಂದಿರಲಿಲ್ಲ. ಯಾವಾಗ ಕೊಡುತ್ತೀರಿ ಎಂದು ಕೇಳಿದಾಗ ‘ವಿದಿನ್ ಮಂಡೇ, ಸರ್’ ಅಂದೆ. ಎದುರಿಗಿದ್ದವರು ಪೆನ್ನು ಕೆಳಗಿಟ್ಟು ‘ಸೋಮವಾರದ ಒಳಗೆ ಎಷ್ಟು ತಾಸಿಗೆ?’ ಎಂದು ಕನ್ನಡದಲ್ಲೇ ಕೇಳಿದರು. ಅವರು ನಗಲಿಲ್ಲ, ಅದೇ ಹೆಚ್ಚು ಚುಚ್ಚಿತು. ಕೆಲಸ ಸಿಗಲಿಲ್ಲ. ಕಾರಣ ಅದೊಂದೇ ಇರಲಿಕ್ಕಿಲ್ಲ, ಆದರೆ ಆ ದಿನದಿಂದ ‘ವಿದಿನ್’ ನನ್ನ ಬಾಯಲ್ಲಿ ಯೋಚನೆ ಮಾಡಿಯೇ ಬರುತ್ತದೆ.

ತಪ್ಪಿನ ಬೇರು ನಮ್ಮ ‘ಒಳಗ’ದಲ್ಲಿದೆ. ‘ಎರಡು ದಿನದೊಳಗ ಕೊಡ್ತೀನಿ’, ‘ಸೋಮವಾರದೊಳಗ ಕೊಡ್ತೀನಿ’: ನಮಗೆ ಎರಡಕ್ಕೂ ಒಂದೇ. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತದೆ. ಎರಡು ದಿನ ಎಂಬುದು ಅಳತೆ, ಅದಕ್ಕೆ ‘ವಿದಿನ್ ಟೂ ಡೇಸ್’. ಸೋಮವಾರ ಎಂಬುದು ಗೂಟ, ಅದಕ್ಕೆ ‘ಬೈ ಮಂಡೇ’. ‘ಬೈ ದ ಟೈಮ್’ನ ‘ಬೈ’ ಮತ್ತು ಇದು ಒಂದೇ. ಗೂಟ ಒಂದು ಘಟನೆಯಾದರೆ ‘ಬೈ ದ ಟೈಮ್’, ಗೂಟ ಒಂದು ದಿನವೋ ಗಂಟೆಯೋ ಆದರೆ ಬರೀ ‘ಬೈ’: ‘ಬೈ ಫೈವ್ ಓ ಕ್ಲಾಕ್’, ‘ಬೈ ದ ಎಂಡ್ ಆಫ್ ದ ಮಂತ್’, ‘ಬೈ ದೀಪಾವಳಿ’.

‘ಬೈ ದ ಫಿಫ್ಟೀನ್ತ್’ ಅಂದರೆ 15ನೇ ತಾರೀಖೂ ಸೇರಿತು. ‘ಬಿಫೋರ್ ದ ಫಿಫ್ಟೀನ್ತ್’ ಅಂದರೆ 14ಕ್ಕೇ ಮುಗಿಯಬೇಕು. ನಮ್ಮ ಕಚೇರಿ ಪತ್ರಗಳ ‘ದಿನಾಂಕ 15ರೊಳಗಾಗಿ ಸಲ್ಲಿಸತಕ್ಕದ್ದು’ ಎಂಬುದಕ್ಕೆ ಇಂಗ್ಲಿಷ್ ಪತ್ರಗಳು ‘ಆನ್ ಆರ್ ಬಿಫೋರ್’ ಎಂದು ಉದ್ದ ಬರೆಯುವುದು ಈ ತಕರಾರು ಬರಬಾರದೆಂದೇ. ಅರ್ಜಿ ತುಂಬುವವರು ಇದನ್ನು ಎರಡು ಸಲ ಓದುವುದು ಒಳ್ಳೆಯದು.

ಇನ್ನು ‘ತನಕಾ’. ತಾಯಿ ಹೊಲಕ್ಕೆ ಹೋಗುವಾಗ ಹೇಳುವ ಎರಡು ಮಾತು ಹೋಲಿಸಿ.

ನಾ ಬರೂದ್ರೊಳಗ ಊಟ ಮಾಡಿರು.
ನಾ ಬರೂತನಕಾ ಊಟ ಮಾಡಬ್ಯಾಡ.

ಮೊದಲನೆಯದಕ್ಕೆ ‘ಬೈ ದ ಟೈಮ್’, ಎರಡನೆಯದಕ್ಕೆ ‘ಅಂಟಿಲ್’ ಅಥವಾ ‘ಟಿಲ್’: ‘ಫಿನಿಶ್ ಯುವರ್ ಮೀಲ್ ಬೈ ದ ಟೈಮ್ ಐ ಕಮ್ ಬ್ಯಾಕ್’, ‘ಡೋಂಟ್ ಈಟ್ ಅಂಟಿಲ್ ಐ ಕಮ್ ಬ್ಯಾಕ್’. ‘ಒಳಗ’ ಇದ್ದರೆ ಗೂಟದ ಮುಂಚೆ ಯಾವಾಗ ಬೇಕಾದರೂ ಮುಗಿಯಲಿ, ಒಂದು ಸಲ ಆದರೆ ಆಯಿತು. ‘ತನಕಾ’ ಇದ್ದರೆ ಗೂಟದವರೆಗೂ ಒಂದೇ ಸ್ಥಿತಿ ಎಳೆದುಕೊಂಡು ಹೋಗಬೇಕು. ‘ಐ ವಿಲ್ ಸಬ್ಮಿಟ್ ಅಂಟಿಲ್ ಮಂಡೇ’ ಎಂದರೆ ಸೋಮವಾರದ ತನಕಾ ಕೊಡುತ್ತಲೇ ಇರುತ್ತೇನೆ ಎಂದಾಗುತ್ತದೆ. ‘ಐ ವಿಲ್ ಸ್ಟೇ ಅಂಟಿಲ್ ಮಂಡೇ’ ಸರಿ, ಇರುವುದು ಎಳೆಯುವ ಕೆಲಸ ತಾನೇ.

‘ಟಿಲ್ ದ ಟೈಮ್’ ಎಂದು ನಮ್ಮಲ್ಲಿ ಬಹಳ ಕೇಳುತ್ತೇವೆ. ಅಲ್ಲಿ ‘ದ ಟೈಮ್’ ಸುಮ್ಮನೆ ಭಾರ. ‘ಟಿಲ್’ ಒಂದೇ ಸಾಕು.

ಹೆಜ್ಜೆ 8: ಸಣ್ಣ ಪುಟ್ಟವು

‘ಬೈ ದ ಟೈಮ್ ವೆನ್ ಐ ರೀಚ್ಡ್’ ಎಂದು ‘ವೆನ್’ ಸೇರಿಸಬೇಡಿ. ‘ಬೈ ಟೈಮ್ ಐ ರೀಚ್ಡ್’ ಎಂದು ‘ದ’ ನುಂಗಲೂ ಬೇಡಿ.

ಗೂಟ ಮೊದಲು ಬಂದರೆ ಅದಾದ ಮೇಲೆ ಅಲ್ಪವಿರಾಮ. ಕೆಲಸ ಮೊದಲು ಬಂದರೆ ಬೇಡ: ‘ದ ಬಸ್ ಹ್ಯಾಡ್ ಲೆಫ್ಟ್ ಬೈ ದ ಟೈಮ್ ಐ ರೀಚ್ಡ್.’ ಅರ್ಥದಲ್ಲಿ ವ್ಯತ್ಯಾಸವಿಲ್ಲ.

‘ಆನ್ ಟೈಮ್’, ‘ಇನ್ ಟೈಮ್’ ಇದೇ ಬಳಗದವು, ಆದರೆ ಬೇರೆ ಮನೆಯವು. ಹತ್ತರ ಬಸ್ಸು ಹತ್ತಕ್ಕೇ ಬಿಟ್ಟರೆ ಅದು ‘ಆನ್ ಟೈಮ್’. ಅದು ಬಿಡುವ ಮುಂಚೆ ನೀವು ಓಡಿ ಬಂದು ಹತ್ತಿದರೆ ನೀವು ‘ಇನ್ ಟೈಮ್’. ಬಸ್ಸು ಮೊದಲನೆಯದು, ನೀವು ಎರಡನೆಯದು ಎಂದು ನೆನಪಿಟ್ಟುಕೊಂಡರೆ ಸಾಕು.

ಹೆಜ್ಜೆ 9: ಕೈಗೆ ಕೆಲಸ

ಇವನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ವಾಕ್ಯದಲ್ಲೂ ಮೊದಲು ಗೂಟದ ಕೆಳಗೆ ಗೆರೆ ಎಳೆಯಿರಿ, ಆಮೇಲೆ ಕೊನೆಯ ಪದ ಬಿಡಿಸಿ, ಆಮೇಲೆಯೇ ಇಂಗ್ಲಿಷಿಗೆ ಹೋಗಿ. ಉತ್ತರ ಕೆಳಗೇ ಇವೆ, ಕೈಯಿಂದ ಮುಚ್ಚಿಕೊಳ್ಳಿ.

1. ಡಾಕ್ಟರ್ ಬರೂದ್ರೊಳಗ ಜ್ವರ ಇಳದಿತ್ತು.
2. ನೀ ಮನಿಗೆ ಮುಟ್ಟೂದ್ರೊಳಗ ನಾ ಮಲಗಿರತೀನಿ.
3. ಶುಕ್ರವಾರದೊಳಗ ಫೀ ಕಟ್ಟಬೇಕು.
4. ಮಳಿ ನಿಲ್ಲೂತನಕಾ ಇಲ್ಲೇ ಇರೂಣು.
5. ಕರೆಂಟ್ ಬರೂದ್ರೊಳಗ ನಾವು ಮೂರು ತಾಸು ಕತ್ತಲಾಗ ಕೂತಿದ್ವಿ.
6. ದಿನಾ ನಾ ಸಂತಿಗೆ ಹೋಗೂದ್ರೊಳಗ ಒಳ್ಳೆ ಕಾಯಿಪಲ್ಯ ಖಾಲಿ ಆಗಿರತಾವು.
7. ನೀವು ಕೂಡ್ರಿ, ಅಷ್ಟರಾಗ ನಾ ರೊಟ್ಟಿ ಬಡೀತೀನಿ.

ಉತ್ತರಗಳು:

ಒಂದು, ‘ಬೈ ದ ಟೈಮ್ ದ ಡಾಕ್ಟರ್ ಕೇಮ್, ದ ಫೀವರ್ ಹ್ಯಾಡ್ ಗಾನ್ ಡೌನ್.’

ಎರಡು, ‘ಬೈ ದ ಟೈಮ್ ಯೂ ರೀಚ್ ಹೋಮ್, ಐ ವಿಲ್ ಹ್ಯಾವ್ ಗಾನ್ ಟು ಬೆಡ್.’ ‘ಐ ವಿಲ್ ಬಿ ಅಸ್ಲೀಪ್’ ಎಂದವರಿಗೂ ಪೂರ್ತಿ ಅಂಕ, ಅದು ಸ್ಥಿತಿ.

ಮೂರು, ‘ದ ಫೀ ಮಸ್ಟ್ ಬಿ ಪೇಯ್ಡ್ ಬೈ ಫ್ರೈಡೇ.’ ‘ವಿದಿನ್’ ಬರೆದಿದ್ದರೆ ನನ್ನ ಸಂದರ್ಶನ ನೆನಪಿಸಿಕೊಳ್ಳಿ.

ನಾಲ್ಕು, ‘ಲೆಟ್ ಅಸ್ ಸ್ಟೇ ಹಿಯರ್ ಅಂಟಿಲ್ ದ ರೇನ್ ಸ್ಟಾಪ್ಸ್.’ ‘ಅಂಟಿಲ್’ ನಂತರದ ಗೂಟಕ್ಕೂ ‘ವಿಲ್’ ಇಲ್ಲ.

ಐದು, ‘ಬೈ ದ ಟೈಮ್ ದ ಪವರ್ ಕೇಮ್ ಬ್ಯಾಕ್, ವಿ ಹ್ಯಾಡ್ ಬೀನ್ ಸಿಟಿಂಗ್ ಇನ್ ದ ಡಾರ್ಕ್ ಫಾರ್ ತ್ರೀ ಅವರ್ಸ್.’

ಆರು, ‘ಬೈ ದ ಟೈಮ್ ಐ ಗೋ ಟು ದ ಮಾರ್ಕೆಟ್, ದ ಗುಡ್ ವೆಜಿಟಬಲ್ಸ್ ಆರ್ ಗಾನ್.’ ‘ದಿನಾ’ ಎಂದು ನಾನೇ ಕೊಟ್ಟಿದ್ದೇನೆ. ಆದರೂ ಇಲ್ಲಿ ‘ವಿಲ್ ಹ್ಯಾವ್’ ಬರೆಯುವವರು ಇದ್ದೇ ಇರುತ್ತಾರೆ.

ಏಳನೆಯದಕ್ಕೆ ‘ಮೀನ್‌ವೈಲ್’ ಬೇಕು, ಎರಡು ಕೆಲಸ ಕೂಡಿಯೇ ನಡೆದಿವೆ: ‘ಪ್ಲೀಸ್ ಸಿಟ್ ಡೌನ್. ಮೀನ್‌ವೈಲ್, ಐ ವಿಲ್ ಮೇಕ್ ದ ರೊಟ್ಟೀಸ್.’ ‘ರೊಟ್ಟಿ ಬಡಿ’ ಎಂಬುದಕ್ಕೆ ‘ಬೀಟ್’ ಬರೆದ ಹುಡುಗನೊಬ್ಬನಿದ್ದ. ಅದನ್ನು ತಿದ್ದಲು ನನಗೆ ಮನಸ್ಸಾಗಲಿಲ್ಲ, ಆದರೂ ತಿದ್ದಿದೆ.